ಲಾನಿನ ಜೇಕಿಗೆ ಸೆಂಪ್ರಾ: ನಿಧಾನ, ಆದರೆ ಗ್ಯಾರಂಟಿ ಕೆಲಸ
ಬೆಳಗಾವಿ ಮಳೆ ಶುರುವಾದರೆ ಲಾನಿನಲ್ಲಿ ಜೇಕು ಕಳೆ ಏಳುತ್ತದೆ. ಎಷ್ಟು ಕಿತ್ತರೂ ಗಡ್ಡೆಯಿಂದ ಮತ್ತೆ ಚಿಗುರುತ್ತದೆ, ಅದಕ್ಕೇ ಈ ಸಲ ಟಿಳಕವಾಡಿಯ ನಮ್ಮ ಮನೆಯ ಬರ್ಮುಡಾ ಹುಲ್ಲಿಗೆ ಸೆಂಪ್ರಾ ಅನ್ನೋ ಕಳೆನಾಶಕ ಹೊಡೆದೆವು. ಕಬ್ಬಿನ ರೈತರಿಗೆ ಗೊತ್ತಿರುವ ಔಷಧವೇ, ಒಳಗಿರುವುದು ಹ್ಯಾಲೋಸಲ್ಫ್ಯೂರಾನ್ ಮೀಥೈಲ್ 75%. ಮೊದಲು ಜೇಕಿನ ಸುಳಿ ಹಳದಿಯಾಗುತ್ತದೆ, ಆಮೇಲೆ ಎಲೆ ಕಂದಾಗಿ ಎರಡು ಮೂರು ವಾರದಲ್ಲಿ ಬುಡ ಒಣಗುತ್ತದೆ, ಲಾನ್ ಹುಲ್ಲು ಮಾತ್ರ ಹಾಗೇ ಉಳಿಯುತ್ತದೆ. ಎಲ್ಲ ಹಸಿರನ್ನೂ ಸುಡುವ ಗ್ಲೈಫೋಸೇಟ್ ಆಗಿದ್ದರೆ ಎರಡೂ ಸಾಯುತ್ತಿತ್ತು, ಅಲ್ವಾ? ಆದರೆ ಬೇರೆ ಹುಲ್ಲು ಕಳೆಗೆ ಸುಮ್ನೆ ಸೆಂಪ್ರಾ ತರಬೇಡಿ. ಜೇಕು ಹುಲ್ಲಿನ ಜಾತಿಯೇ ಅಲ್ಲ, ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ಗೊತ್ತಾಗುತ್ತದೆ. ಬೀಜದಿಂದ ಏಳುವ ಹುಲ್ಲಿಗೆ ಮೊಳಕೆಗೆ ಮುಂಚೆಯೇ ಪೆಂಡಿಮೆಥಾಲಿನ್ ಅನ್ನೋ ಬೇರೆ ಕಳೆನಾಶಕ ಹೊಡೆಯಬೇಕು. ಜೇಕಿನ ಗಡ್ಡೆ ಜಾಸ್ತಿ ಇದ್ದರೆ ಸೆಂಪ್ರಾ ಇನ್ನೊಮ್ಮೆ ಬೇಕಾಗುತ್ತದೆ.