205ನ್ನು ಸೋಲಿಸಿದ 195: ತಗ್ಗಿಸಿದ ಸ್ವಿಫ್ಟ್‌ನ ಹಿಂದಿನ ಚಕ್ರಕ್ಕೆ ಮೂರು ಪ್ರಯತ್ನ

ಸ್ವಿಫ್ಟ್ ಕಾರನ್ನು ಎಳೆಯುವುದು ಮುಂದಿನ ಚಕ್ರ. ಹಿಂದೆ ಮಾತ್ರ ಅಗಲ ಟೈರ್ ಹಾಕಿದರೆ ಓಟಕ್ಕೆ ಲಾಭವಿಲ್ಲ. ತಿರುವಿನಲ್ಲಿ ಮೂತಿ ಇನ್ನಷ್ಟು ಹೊರಗೆ ಜಾರಲು ನೋಡುತ್ತದೆ, ಅಷ್ಟೇ. ನನಗೆ ಬೇಕಿದ್ದದ್ದು ನೋಟ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನದು 2012ರ ಕಾರು. ಸ್ಪ್ರಿಂಗ್ ಬದಲಿಸಿ 40 ಮಿ.ಮೀ. ತಗ್ಗಿಸಿದ್ದೇನೆ. (ಸ್ಪ್ರಿಂಗ್ ಕತ್ತರಿಸಿಲ್ಲ. ಕತ್ತರಿಸಿಕೊಡುತ್ತೇವೆ ಎನ್ನುವವರು ದಾವಣಗೆರೆಯಲ್ಲೂ ಇದ್ದಾರೆ, ದೂರದಿಂದಲೇ ನಮಸ್ಕಾರ ಹೇಳಿ ಬನ್ನಿ.) ಅದರ ಅಲಾಯ್ ಚಕ್ರ 15 ಇಂಚು, ರಿಮ್ ಅಗಲ 5.5ಜೆ (ಅಂದರೆ 5.5 ಇಂಚು), ಆಫ್‌ಸೆಟ್ 45 (ಚಕ್ರ ಕಾರಿಗೆ ಕೂರುವ ಮುಖ ರಿಮ್‌ನ ನಡುಗೆರೆಯಿಂದ 45 ಮಿ.ಮೀ. ಹೊರಗಿದೆ; ಈ ಅಂಕಿ ಇಳಿದಷ್ಟೂ ಚಕ್ರ ಹೊರಗೆ ಬರುತ್ತದೆ). ಟೈರ್ 185/65, ಅಂದರೆ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 65.

ಮೊದಲ ಪ್ರಯತ್ನ ಸೋಮಾರಿಯದು. ಇದ್ದ ಅಲಾಯ್‌ಗೇ 205/60 ಹಾಕಿಸಿದೆ. ಟೈರ್ ಅಂಗಡಿಯವರು "ಕೂರುತ್ತೆ ಸಾರ್, ಏನೂ ಆಗಲ್ಲ" ಎಂದರು. ಕೂತಿದ್ದು ನಿಜ. ಆ ಅಳತೆಗೆ 5.5 ಇಂಚಿನ ರಿಮ್ ನಡೆಯುತ್ತದೆ, ಆದರೆ ಅದೇ ಕೊನೆಯ ಮಿತಿ. ಟೈರ್ ಬಲೂನಿನಂತೆ ಉಬ್ಬಿಕೊಂಡಿತು. ಖಾಲಿ ಕಾರಿನಲ್ಲಿ ಹದಡಿ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ, ಸದ್ದಿಲ್ಲ. ಖುಷಿಯಾಯಿತು. ಸಂಜೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹರಿಹರಕ್ಕೆ ಹೊರಟರೆ ಮೊದಲ ಹಂಪ್‌ನಲ್ಲೇ ಝರ್ರ್ ಅಂತು. ಊರು ಮುಟ್ಟುವಷ್ಟರಲ್ಲಿ ರಬ್ಬರ್ ವಾಸನೆ.

ಉಜ್ಜಿದ್ದು ಹೊರಗಲ್ಲ, ಒಳಗೆ, ಶಾಕ್ ಅಬ್ಸಾರ್ಬರ್ ಕಡೆ. ಸರಿ, 10 ಮಿ.ಮೀ. ಸ್ಪೇಸರ್ (ಚಕ್ರದ ಹಿಂದೆ ಕೂರಿಸುವ ಲೋಹದ ಬಿಲ್ಲೆ) ಹಾಕಿ ಚಕ್ರವನ್ನು ಹೊರಗೆ ತಳ್ಳಿದೆ. ಒಳಗಿನ ಸದ್ದು ನಿಂತಿತು, ಹೊರಗಿನ ಫೆಂಡರ್ ಲಿಪ್ (ಚಕ್ರದ ಮೇಲಿನ ಬಾಡಿಯ ಒಳಗಿನ ಅಂಚು) ಶುರು ಮಾಡಿತು. ಅದಕ್ಕಿಂತ ದೊಡ್ಡ ವಿಷಯ ನಟ್ಟಿನದು. ಸ್ವಿಫ್ಟ್‌ನ ಬೋಲ್ಟ್ 12 ಮಿ.ಮೀ., ಮರೆಯ (ಥ್ರೆಡ್) ಅಂತರ 1.25 ಮಿ.ಮೀ. ನಟ್ಟು ಕಡಿಮೆ ಅಂದರೂ 9–10 ಸುತ್ತು ಹಿಡಿಯಬೇಕು. ನಾನು ಎಣಿಸಿದೆ, ಆರಕ್ಕೇ ಬಿಗಿಯಾಯಿತು. ಮಾರನೇ ದಿನ ಬೆಳಿಗ್ಗೆಯೇ ಬಿಚ್ಚಿ ಇಟ್ಟೆ. ಹಳೆ ಬೋಲ್ಟಿನ ಮೇಲೆ ಸ್ಪೇಸರ್ ಹಾಕಿ ಓಡಿಸುವವರು ಇದೊಂದನ್ನು ಎಣಿಸಿ ನೋಡಿ, ಪ್ಲೀಸ್.

ಎರಡನೇ ಸಲ ಸೆಕೆಂಡ್ ಹ್ಯಾಂಡ್ ಅಲಾಯ್ ತಂದೆ. 7ಜೆ, ಆಫ್‌ಸೆಟ್ 38, ಟೈರ್ 205/55. ತರುವ ಮೊದಲು ಲೆಕ್ಕ ಹಾಕಬೇಕಿತ್ತು, ತಂದ ಮೇಲೆ ಹಾಕಿದೆ. ರಿಮ್ ಒಂದೂವರೆ ಇಂಚು ಜಾಸ್ತಿ, ಅಂದರೆ 38 ಮಿ.ಮೀ. ಅದರಲ್ಲಿ ಅರ್ಧ, 19, ಆಚೆ ಕಡೆಗೆ. ಇನ್ನರ್ಧ ಈಚೆ ಕಡೆಗೆ. ಆಫ್‌ಸೆಟ್ 45ರಿಂದ 38ಕ್ಕೆ ಇಳಿದಿದ್ದಕ್ಕೆ ಇಡೀ ಚಕ್ರ ಇನ್ನೂ 7 ಹೊರಗೆ. ಒಟ್ಟು ಹೊರಗೆ 26, ಒಳಗೆ 12. ಟೈರ್ ಫೆಂಡರ್ ದಾಟಿ ಇಣುಕುತ್ತಿತ್ತು. ನೋಡಲು ಎಂಥಾ ಚಂದ ಅಂತೀರಿ! ಆದರೆ ಸ್ವಿಫ್ಟ್‌ನ ಹಿಂದೆ ಇರುವುದು ಟಾರ್ಶನ್ ಬೀಮ್, ಎರಡೂ ಚಕ್ರವನ್ನು ಜೋಡಿಸುವ ಒಂದೇ ತೊಲೆ. ಕೆಲವು ಕಾರುಗಳಲ್ಲಿ ಚಕ್ರ ಮೇಲೇರುವಾಗ ತಲೆ ಒಳಕ್ಕೆ ವಾಲಿಸಿ ಲಿಪ್‌ನಿಂದ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಎರಡೂ ಚಕ್ರ ಒಟ್ಟಿಗೆ ಎದ್ದರೆ ನೆಟ್ಟಗೆ ಮೇಲಕ್ಕೇ ಹೋಗುತ್ತವೆ, ಲಿಪ್‌ಗೆ ಎದೆ ಕೊಟ್ಟು.

ಹಾಗಾಗಿ ಲಿಪ್ ಮಡಚಲೇಬೇಕಾಯಿತು. ಟಿಂಕರಿಂಗ್ ಹುಡುಗ ಟೈರ್ ಮತ್ತು ಲಿಪ್ ನಡುವೆ ದಪ್ಪ ಮರದ ಕೋಲು ತೂರಿಸಿ ಕಾರು ಹಿಂದೆ ಮುಂದೆ ಉರುಳಿಸೋಣ ಎಂದ. ಪಕ್ಕದ ಚಿತ್ರದುರ್ಗದವರಿಗೆ ಒನಕೆಯ ಮೇಲೆ ನಂಬಿಕೆ ಇರಬಹುದು, ನನಗೆ ನನ್ನ ಪೇಂಟ್ ಮೇಲೆ ಪ್ರೀತಿ. ಹಬ್‌ಗೆ (ಚಕ್ರ ಕೂರುವ ಜಾಗಕ್ಕೆ) ಬಿಗಿಯುವ ರೋಲರ್ ಇರುವವರನ್ನೇ ಹುಡುಕಿದೆ. ಹೀಟ್ ಗನ್‌ನಿಂದ ಬಿಸಿ ಮಾಡುತ್ತಾ, ಸ್ವಲ್ಪ ಸ್ವಲ್ಪವೇ ಒತ್ತುತ್ತಾ, ಒಂದು ಕಡೆಗೆ ಒಂದು ಗಂಟೆ. ಆದರೂ ಎಡಗಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ತಕ್ಷಣ ಸೀಲರ್ ಬಳಿಸಿದೆ, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಗ್ಯಾರಂಟಿ. ಅಲಾಯ್‌ನ ನಡುವಿನ ತೂತು ದೊಡ್ಡದು, ಸ್ವಿಫ್ಟ್‌ನ ಹಬ್ 54.1 ಮಿ.ಮೀ. ನಡುವೆ ರಿಂಗ್ ಹಾಕುವವರೆಗೆ ಎಂಬತ್ತರಲ್ಲಿ ಕಾರು ನಡುಗುತ್ತಿತ್ತು.

ಇಷ್ಟಾದ ಮೇಲೂ ತುಂಬಿದ ಕಾರಿನಲ್ಲಿ ಟಪ್ ಟಪ್. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು ಹಿಂದಿನ ಬಂಪರ್ ಫೆಂಡರ್‌ಗೆ ಸೇರುವ ಜಾಗದ ಒಂದು ಸ್ಕ್ರೂ! ಅದರ ತಲೆ ಟೈರ್ ಅಂಚನ್ನು ಕೆತ್ತುತ್ತಿತ್ತು. ಲಿಪ್ ಮಡಚಿಸುವ ಮೊದಲು ಆ ಸ್ಕ್ರೂ ನೋಡಿಕೊಳ್ಳಿ. ಸ್ಕ್ರೂ ಸರಿಸಿದ ಮೇಲೆ ಉಜ್ಜಾಟ ನಿಂತಿತು, ಟೈರ್ ಹೊರಗೆ ಇಣುಕುವುದು ನಿಲ್ಲಲಿಲ್ಲ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಚೆಕ್‌ಪೋಸ್ಟ್ ಕಂಡಾಗಲೆಲ್ಲ ಎದೆ ಡವಡವ.

ಮೂರನೆಯದು 6.5ಜೆ, ಆಫ್‌ಸೆಟ್ ಅದೇ 38, ಟೈರ್ 195/60. ಹೊರಗೆ ಸುಮಾರು 20, ಒಳಗೆ 6 ಮಿ.ಮೀ. ಮಾತ್ರ. ಈ ಸಲ ರಸ್ತೆಗೆ ಇಳಿಯುವ ಮೊದಲೇ ಪರೀಕ್ಷೆ ಮಾಡಿದೆ. ಸ್ಪ್ರಿಂಗ್ ಬಿಚ್ಚಿ, ಚಕ್ರ ಹಾಕಿ, ಬಂಪ್ ಸ್ಟಾಪ್ (ಚಕ್ರ ಮೇಲೇರುವುದನ್ನು ಕೊನೆಯಲ್ಲಿ ತಡೆಯುವ ರಬ್ಬರ್) ಪೂರ್ತಿ ಒತ್ತುವವರೆಗೆ ಜಾಕ್‌ನಿಂದ ಬೀಮ್ ಎತ್ತಿದೆ. ಲಿಪ್‌ಗೂ ಶಾಕ್ ಅಬ್ಸಾರ್ಬರ್‌ಗೂ ಚಪಾತಿ ಹಿಟ್ಟಿನ ಉಂಡೆ ಅಂಟಿಸಿದ್ದೆ. ಒತ್ತಿ ಉಳಿದ ದಪ್ಪವೇ ನಮಗಿರುವ ಜಾಗ. (ಜೋಳದ ಹಿಟ್ಟು ಬೇಡ, ಉದುರುತ್ತದೆ.) ಲಿಪ್‌ನಲ್ಲಿ ಉಳಿದದ್ದು ಬರೀ 2 ಮಿ.ಮೀ. ಸ್ಪ್ರಿಂಗ್ ಜತೆ ಬಂದಿದ್ದ ಗಿಡ್ಡ ಬಂಪ್ ಸ್ಟಾಪ್ ತೆಗೆದು ಕಂಪನಿಯ ಉದ್ದದ್ದನ್ನೇ ವಾಪಸ್ ಹಾಕಿದೆ. ಆಗ 6 ಆಯಿತು.

ವಿಚಿತ್ರ ಏನೆಂದರೆ, ಹಳೆ ಅಲಾಯ್ ಮೇಲಿನ 205ಕ್ಕಿಂತ ಈ 195 ಅಗಲ ಕಾಣುತ್ತದೆ. ಅಲ್ಲಿ ಟೈರ್ ಉಬ್ಬಿತ್ತು, ಇಲ್ಲಿ ರಿಮ್ಮೇ ಹೊರಗೆ ಬಂದಿದೆ. ನಾವು ಸುಮ್ನೆ ಟೈರ್ ನಂಬರ್ ಕೇಳುತ್ತೇವೆ, ಆಫ್‌ಸೆಟ್ ಯಾರೂ ಕೇಳುವುದಿಲ್ಲ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರುತ್ತದೆ ಎನ್ನುವ ಸಂಖ್ಯೆ) ಹಳೆಯದೇ, 88. ಸುತ್ತಳತೆಯೂ ಮುಂದಿನ ಟೈರ್‌ಗೆ ಹತ್ತಿರ: ಎತ್ತರ 615 ಮಿ.ಮೀ., ಮುಂದಿನದು 621. ಅದೇ 205/55ರದ್ದು 606 ಇತ್ತು.

ತೊಂದರೆ ಇಲ್ಲವೇ ಅಂದರೆ, ಇದೆ. ಉದ್ದ ಬಂಪ್ ಸ್ಟಾಪ್ ಬೇಗ ತಾಗುತ್ತದೆ, ಹಿಂದೆ ಕೂತವರಿಗೆ ಸೊಂಟಕ್ಕೆ ಗುದ್ದು. ಮೊನ್ನೆ ಐದು ಜನ ಚಿತ್ರದುರ್ಗದ ಕೋಟೆಗೆ ಹೋಗಿ ಬಂದೆವು. ಭರಮಸಾಗರದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದಾಗ ಹಿಂದಿನಿಂದ ಅಮ್ಮನ "ಅಯ್ಯೋ" ಮಾತ್ರ ಕೇಳಿಸಿತು. ಟೈರ್ ಸದ್ದು ಕೇಳಲಿಲ್ಲ.