ಮನೆ ಸುತ್ತ ಜಗಲಿ ಕಟ್ಟಿಸುವವರೇ, ಮೊದಲು ವಾಟದ (ಇಳಿಜಾರಿನ) ಲೆಕ್ಕ ಹಾಕಿ

ಮನೆಯ ಸುತ್ತ ಹೆಂಚಿನ ಜಗಲಿ ಮಾಡಿಸಬೇಕು ಅಂತಿದ್ದರೆ ದಯವಿಟ್ಟು ಇದನ್ನು ಓದಿ. ಪಾಯ ತೆಗೆಯುವ ಮೊದಲೇ ಓದಿ. ನಮಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ತಾತನ ತೊಟ್ಟಿ ಮನೆ ಹಾಳಾದ ಮೇಲೆ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಸಿದೆವು. ಸಂಜೆ ಕೂರೋಕೆ ಒಂದು ಜಗಲಿ ಬೇಕು ಅಂತ ಅಮ್ಮನಿಗೆ ಆಸೆ. ಮುಂದೆ ಮಾತ್ರ ಯಾಕೆ, ಮೂರು ಕಡೆಗೂ ಇರಲಿ ಅಂದೆ ನಾನು. 8 ಅಡಿ ಅಗಲ, ಮೇಲೆ ಮಂಗಳೂರು ಹೆಂಚು. ಆದರೆ ಮನೆಯ ಪ್ಲಾನಿನಲ್ಲಿ ಜಗಲಿಯೇ ಇರಲಿಲ್ಲ. ಗೃಹಪ್ರವೇಶ ಆದ ಮೇಲೆ ಸೇರಿಸಿದ್ದು. ಎಡವಿದ್ದು ಅಲ್ಲೇ.

ಮೊದಲ ಜೋರು ಮಳೆಗೇ ಸೋರಿತು. ಒಂದೆರಡು ಹನಿ ಅಲ್ಲ, ಗಾಳಿ ಬೀಸಿದಾಗೆಲ್ಲ ಸಾಲಾಗಿ ತೊಟ್ಟಿಕ್ಕುತ್ತಿತ್ತು. ಕಂಟ್ರಾಕ್ಟರ್ ಎರಡು ಸಲ ಬಂದು ಒಡೆದ ಹೆಂಚು ಬದಲಾಯಿಸಿದರು. ಮೂರನೇ ಸಲ ಫೋನ್ ಎತ್ತಲಿಲ್ಲ. ನಾನೂ ಹೆಂಚನ್ನೇ ಬೈದೆ. ಆದರೆ 1865ರಿಂದ ಮಂಗಳೂರಿನಲ್ಲಿ ತಯಾರಾಗುತ್ತಿರುವ ಹೆಂಚು ಇದು. ಅಲ್ಲಿ ಬೀಳುವ ಮಳೆ ನಮ್ಮಲ್ಲಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಅಲ್ಲಿ ತಡೆಯೋದು ಇಲ್ಲಿ ತಡೆಯಲ್ಲ ಅಂದರೆ ಹೇಗೆ?

ಕೊನೆಗೆ ಊರಿನ ಹಳೇ ಬಡಗಿಯೊಬ್ಬರನ್ನು ಕರೆದು ತೋರಿಸಿದೆ. ಅವರು ಹತ್ತಿ ನೋಡಲೂ ಇಲ್ಲ. ಕೆಳಗೆ ನಿಂತೇ ಕೇಳಿದರು, ‘ಅಲ್ಲ ಕಣಪ್ಪ, ಹೆಂಚಿಗೆ ಇಷ್ಟು ವಾಟ ಸಾಕಾ?’

ಟೇಪು ಹಿಡಿದು ಅಳೆದೆವು. ಗೋಡೆಯ ಕಡೆ ಒಂಬತ್ತೂವರೆ ಅಡಿ ಎತ್ತರ, ಹೊರಗಿನ ಕಂಬದ ಕಡೆ 8 ಅಡಿ. ಅಂದರೆ 8 ಅಡಿ ಅಗಲಕ್ಕೆ ಬರೀ ಒಂದೂವರೆ ಅಡಿ ಇಳಿಜಾರು. ಕಡಿಮೆ ಅಂದರೂ 4 ಅಡಿ ಬೇಕಿತ್ತು. ವಾಟ ಕಡಿಮೆಯಾದರೆ ನೀರು ನಿಧಾನಕ್ಕೆ ಹರಿಯುತ್ತದೆ. ಒಂದು ಹೆಂಚಿನ ಮೇಲೆ ಇನ್ನೊಂದು ಕೂತಿರುವ ಸಂದಿಯಲ್ಲಿ ಗಾಳಿ ಆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಹೆಂಚು ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಹಾಗಾದರೆ 4 ಅಡಿ ಇಳಿಜಾರು ಕೊಡಬಹುದಿತ್ತಲ್ವಾ? ಆದರೆ ಮನೆ ಆಗಲೇ ಕಟ್ಟಿಯಾಗಿತ್ತು, ಗೋಡೆಯ ಕಡೆ ಒಂಬತ್ತೂವರೆ ಅಡಿಗಿಂತ ಮೇಲೆ ಹೋಗುವ ಹಾಗಿರಲಿಲ್ಲ. ಕೊಟ್ಟಿದ್ದರೆ ಹೊರಗಿನ ಸೂರು ನೆಲದಿಂದ ಐದೂವರೆ ಅಡಿಗೆ ಬರುತ್ತಿತ್ತು. ಬಗ್ಗಿಕೊಂಡೇ ಒಳಗೆ ಬರಬೇಕು. ಅದಕ್ಕೇ ಕಂಟ್ರಾಕ್ಟರ್ ಸುಮ್ನೆ ವಾಟ ಕಡಿಮೆ ಮಾಡಿಬಿಟ್ಟಿದ್ದರು. ನಮಗೆ ಒಂದು ಮಾತೂ ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೆ. ಹೇಳಿದ್ದರೆ ದಾರಿಗಳಿದ್ದವು. ಅಗಲವನ್ನು 5 ಅಡಿಗೆ ಇಳಿಸಿದ್ದರೆ ಎರಡೂವರೆ ಅಡಿ ವಾಟ ಸಾಕು, ಸೂರು 7 ಅಡಿಗೆ ನಿಲ್ಲುತ್ತಿತ್ತು. ಜಗಲಿಯ ನೆಲವನ್ನು ಮನೆಯ ನೆಲಕ್ಕಿಂತ ಒಂದು ಅಡಿ ತಗ್ಗಿಸಿದ್ದರೆ ಇನ್ನೊಂದು ಅಡಿ ಎತ್ತರ ಸಿಗುತ್ತಿತ್ತು. 8 ಅಡಿ ಅಗಲವೇ ಬೇಕು ಅಂದರೆ ಹೆಂಚು ಬಿಟ್ಟು ಶೀಟ್ ಹಾಕಬಹುದಿತ್ತು. ಅದಕ್ಕೆ ಅಷ್ಟು ವಾಟ ಬೇಕಿಲ್ಲ.

ಹೆಂಚಿನ ಚಾವಣಿ ಗೋಡೆಗೆ ಸೇರುವ ಜಾಗದಲ್ಲಿ ಏನು ಮಾಡುತ್ತಾರೆ ಅಂತಲೂ ಕೇಳಿ ನೋಡಿ. ನಮ್ಮಲ್ಲಿ ಬರೀ ಸಿಮೆಂಟ್ ಮೆತ್ತಿದ್ದರು. ಒಂದು ಬೇಸಿಗೆಗೆ ಬಿರುಕು ಬಿಟ್ಟಿತು, ಮಳೆಗಾಲದಲ್ಲಿ ನಡುಮನೆಯ ಗೋಡೆ ನೆನೆಯಿತು. ಗೋಡೆಯಲ್ಲಿ ಸಣ್ಣ ಕಾಲುವೆಯ ಹಾಗೆ ಸೀಳು ಕೊರೆದು, ತಗಡಿನ ಪಟ್ಟಿ ಸಿಕ್ಕಿಸಿ, ಅದು ಹೆಂಚಿನ ಮೇಲೆ ಇಳಿಯುವ ಹಾಗೆ ಮಾಡಿಸಬೇಕು.

ನೆಲದ ಕತೆ ಬೇರೆ. ಪಾಯಕ್ಕೆ ತೋಡಿ ಮತ್ತೆ ತುಂಬಿದ ಮಣ್ಣು ಇರುವುದು ಗೋಡೆಯ ಪಕ್ಕದಲ್ಲೇ. ಅದನ್ನು ದಿಮ್ಮಸು ಹೊಡೆದು ಗಟ್ಟಿ ಮಾಡದೆ ಮೇಲೆ ಕಾಂಕ್ರೀಟ್ ಹಾಕಿ, ನುಣುಪು ಟೈಲ್ಸ್ ಕೂರಿಸಿದರು. ಒಂದು ಮಳೆಗಾಲಕ್ಕೆ ಮಣ್ಣು ಕುಸಿಯಿತು, ನೆಲ ಮನೆಯ ಕಡೆಗೇ ವಾಲಿತು. ಹೊರಗೆ ಹೋಗಬೇಕಾದ ನೀರು ಬಾಗಿಲ ಹತ್ತಿರ ನಿಂತಿತು. ಒಂದು ಬೆಳಿಗ್ಗೆ ಅಮ್ಮ ಅಲ್ಲೇ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು, ಆರು ವಾರ ಕಟ್ಟು. ದುಡ್ಡು ಹೋಗಿದ್ದು ಬಿಡಿ, ಅವರ ಆಸೆಗೆ ಅಂತ ಮಾಡಿಸಿದ ಜಗಲಿ ಅದು. ನೀವು ಮಾಡಿಸುವಾಗ ಅರ್ಧ ಅರ್ಧ ಅಡಿ ಮಣ್ಣು ತುಂಬಿಸಿ, ನೀರು ಹಾಕಿ, ಪ್ರತಿ ಸಲ ದಿಮ್ಮಸು ಹೊಡೆಸಿ. ಎದುರಿಗೆ ನಿಂತು ಮಾಡಿಸಿ. ನೆಲಕ್ಕೆ ಒರಟು ಕಲ್ಲು ಹಾಕಿಸಿ, 5 ಅಡಿಗೆ ಒಂದು ಇಂಚಿನಂತೆ ಹೊರಕ್ಕೆ ವಾಟ ಇರಲಿ.

ಇನ್ನು ಬೆಳಕು. ಮೂರು ಕಡೆ ಸೂರು ಬಂದ ಮೇಲೆ ಅಡುಗೆಮನೆಯಲ್ಲಿ ಹಗಲು ಹನ್ನೊಂದಕ್ಕೂ ಲೈಟ್ ಬೇಕಾಯಿತು.

ಈಗ ಅಡುಗೆಮನೆಯ ಕಡೆಯದನ್ನು ಪೂರ್ತಿ ಕಿತ್ತಿದ್ದೇವೆ. ಮುಂದಿನದನ್ನು 5 ಅಡಿಗೆ ಇಳಿಸಿ, ಸರಿಯಾದ ವಾಟ ಕೊಟ್ಟು, ನಡುನಡುವೆ ನಾಲ್ಕು ಗಾಜಿನ ಹೆಂಚು ಹಾಕಿಸಿದೆವು. ಈ ಮಳೆಗಾಲ ಅದು ಸೋರಲಿಲ್ಲ. ಮೂರನೇ ಕಡೆಗೆ ಇನ್ನೂ ದುಡ್ಡು ಹೊಂದಿಲ್ಲ, ಅಲ್ಲಿ ಟಾರ್ಪಾಲ್ ಕಟ್ಟಿದ್ದೇವೆ. ಅಮ್ಮ ಮತ್ತೆ ಸಂಜೆ ಮುಂದಿನ ಜಗಲಿಗೆ ಬಂದು ಕೂರುತ್ತಾರೆ, ಗೋಡೆ ಹಿಡಿದುಕೊಂಡು.