ಆಲ್ಟ್ ಐದು: ಮೂರು ಮಳೆಗಾಲದ ನಂತರ ಫ್ಲೈಟ್ ಸಿಮ್ಯುಲೇಟರ್‌ನ ಕಸ್ಟಮ್ ಕ್ಯಾಮೆರಾ

ನಮ್ಮದು ಸೋಮವಾರಪೇಟೆ ಕಡೆ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಸಂಜೆ ಹೊತ್ತು ಹೊರಗೆ ಕಾಲಿಡುವ ಹಾಗಿಲ್ಲ. ಅಂಥ ಸಂಜೆಗಳಿಗೆಂದೇ ಲ್ಯಾಪ್‌ಟಾಪಿಗೆ ಹಾಕಿಕೊಂಡದ್ದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020, ವಿಮಾನ ಹಾರಿಸುವ ಕಂಪ್ಯೂಟರ್ ಆಟ. ಈಗ ಮೂರು ಮಳೆಗಾಲ ಆಯಿತು. 2024ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿ ನನ್ನ ಹತ್ತಿರ ಇಲ್ಲ, ಇಲ್ಲಿ ಬರೆದದ್ದೆಲ್ಲ ಹಳೆಯದರ ಮಾತು. ಮೋಡ ಚೆನ್ನಾಗಿದೆ, ಸೂರ್ಯಾಸ್ತ ಚೆನ್ನಾಗಿದೆ ಅಂತ ಎಲ್ಲರೂ ಬರೆದಾಗಿದೆ. ನಾನು ಹೇಳುವುದು ಕಸ್ಟಮ್ ಕ್ಯಾಮೆರಾ ಬಗ್ಗೆ ಮಾತ್ರ, ಅಂದರೆ ವಿಮಾನದೊಳಗೆ ಎಲ್ಲಿಂದ, ಎತ್ತ ನೋಡಬೇಕು ಅನ್ನುವುದನ್ನು ನಾವೇ ಹೊಂದಿಸಿ ಒಂದು ಕೀಗೆ ಉಳಿಸಿಡುವ ಸೌಲಭ್ಯ.

ಕೆಲಸ ಸುಲಭ. ಬಾಣದ ಕೀಗಳಿಂದ ಕೂತ ಜಾಗವನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸಬೇಕು. ಮೌಸಿನ ಬಲಗುಂಡಿ ಒತ್ತಿಹಿಡಿದು ಕತ್ತು ತಿರುಗಿಸಬೇಕು, ಚಕ್ರ ಉರುಳಿಸಿ ಜೂಮ್ ಹೊಂದಿಸಬೇಕು. ನೋಟ ಮನಸ್ಸಿಗೆ ಬಂತೆಂದರೆ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಮೇಲಿನ ಸಾಲಿನ ಒಂದು ಅಂಕಿ ಒತ್ತಿದರೆ ಸೇವ್. ಆಮೇಲೆ ಯಾವಾಗ ಬೇಕಾದರೂ ಆಲ್ಟ್ ಜೊತೆ ಅದೇ ಅಂಕಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಜಾಗ. ವಿಮಾನಕ್ಕೊಂದು ಲೆಕ್ಕ ಬೇರೆ: ಸೆಸ್ನಾ 172 ಅನ್ನುವ ಪುಟ್ಟ ವಿಮಾನಕ್ಕೆ ಉಳಿಸಿದ್ದು ಏರ್‌ಬಸ್ಸಿಗೆ ಬರುವುದಿಲ್ಲ, ಬರಲೂಬಾರದು.

ಒಂದು ಎಚ್ಚರಿಕೆ. ಒತ್ತುವ ಮುಂಚೆ ಆಟದ ಕಿಟಕಿಯೇ ಮುಂದಿದೆಯೇ ನೋಡಿಕೊಳ್ಳಿ. ಮೊದಲ ವಾರ ನನ್ನ ನಾಲ್ಕನೇ ನೋಟ ಏನು ಮಾಡಿದರೂ ಉಳಿಯದು. ಮಾರನೆಯ ದಿನ ಕೂಲಿ ಬಟವಾಡೆಯ ಎಕ್ಸೆಲ್ ತೆರೆದರೆ ಒಂದೇ ಚೌಕದಲ್ಲಿ ಸಾಲಾಗಿ ಐದಾರು ರೂಪಾಯಿ ಚಿಹ್ನೆ! ವಿಂಡೋಸಿನ ಇಂಡಿಯಾ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ನಾಲ್ಕು ಒತ್ತಿದರೆ ಮೂಡುವುದು ಅದೇ.

ಮೊದಲು ಹುಮ್ಮಸ್ಸಿನಲ್ಲಿ ಹತ್ತೂ ಜಾಗ ತುಂಬಿಸಿದೆ. ರೆಕ್ಕೆ ತುದಿಗೊಂದು, ಬಾಗಿಲಿನ ಹಿಡಿಗೊಂದು, ಹಿಂದಿನ ಸೀಟಿಗೊಂದು. ಯಾವ ಅಂಕಿಗೆ ಯಾವ ನೋಟ ಅಂತ ನೆನಪಿಟ್ಟುಕೊಳ್ಳುವುದರಲ್ಲೇ ವಿಮಾನ ಎತ್ತಲೋ ಹೋಗುತ್ತಿತ್ತು. ಈಗ ಉಳಿದಿರುವುದು ಐದು. ಕೀಬೋರ್ಡಿನ ಮೇಲಂಚಿಗೆ ಅಂಟಿಸಿದ ಚೀಟಿಯಲ್ಲಿ ಐದೇ ಶಬ್ದ: ಸೀಟು, ಎಡ, ನೆಲ, ಬಲ, ಇಳಿ.

ಈ ಐದರಲ್ಲಿ ನಿಜವಾದ ಉಪಕಾರ ಮಾಡಿದ್ದು ಕೊನೆಯದು, ಇಳಿಯುವಾಗಿನದು. ಸುಮಾರು ಒಂದು ವರ್ಷ ನನ್ನ ಸೆಸ್ನಾ ಪ್ರತಿ ಸಲ ನೆಲಕ್ಕೆ ಬಡಿದು ಪುಟಿಯುತ್ತಿತ್ತು. ಜಾಯ್‌ಸ್ಟಿಕ್ ಸರಿಯಿಲ್ಲ ಅಂತ ಬೈದುಕೊಂಡೆ, ಅದರ ಸೆನ್ಸಿಟಿವಿಟಿ ತಿದ್ದಿದೆ, ಏನೂ ಆಗಲಿಲ್ಲ. ತಪ್ಪಿದ್ದದ್ದು ನನ್ನ ಜೂಮ್‌ನಲ್ಲಿ. ಮೀಟರುಗಳೆಲ್ಲ ಒಟ್ಟಿಗೆ ಕಾಣಲಿ ಅಂತ ನೋಟವನ್ನು ಪೂರ್ತಿ ಅಗಲ ಮಾಡಿಟ್ಟಿದ್ದೆ. ಅಗಲವಾದಷ್ಟೂ ಎದುರಿನದೆಲ್ಲ ಸಣ್ಣದಾಗಿ, ದೂರವಾಗಿ ಕಾಣುತ್ತದೆ. ರನ್‌ವೇ ಇನ್ನೂ ಕೆಳಗಿದೆ ಅಂದುಕೊಂಡು ಮೂತಿ ಎತ್ತುವುದು ತಡವಾಗುತ್ತಿತ್ತು, ಅಷ್ಟರಲ್ಲಿ ಧಡ್.

ಸರಿಮಾಡಿದ್ದು ಹೀಗೆ. ಮೈಸೂರಿನ ಮಂಡಕಳ್ಳಿ ರನ್‌ವೇ ಮೇಲೆ ವಿಮಾನ ನಿಲ್ಲಿಸಿ, ಎಂಜಿನ್ ಆರಿಸಿ, ಅರ್ಧ ಗಂಟೆ ಬರೀ ಕ್ಯಾಮೆರಾ ಹೊಂದಿಸಿದೆ. ಕಣ್ಣಿನ ಎತ್ತರ ಎಷ್ಟಿರಬೇಕೆಂದರೆ, ಮೂತಿಯ ಅಂಚು ಪರದೆಯ ಕೆಳಭಾಗದಲ್ಲಿ ಚೂರು ಕಾಣಬೇಕು, ಅದರ ಮೇಲೆ ರನ್‌ವೇಯ ಆಚೆ ತುದಿ ಕಾಣಬೇಕು. ಮೂತಿ ಪೂರ್ತಿ ಮರೆಯಾಗುವಷ್ಟು ಮೇಲೇರಿದರೆ ರನ್‌ವೇ ಚೆನ್ನಾಗಿ ಕಂಡೀತು, ಆದರೆ ವಿಮಾನ ಎಷ್ಟು ಎತ್ತಿಕೊಂಡಿದೆ ಅನ್ನುವ ಅಳತೆಯೇ ಸಿಗುವುದಿಲ್ಲ. ಜೂಮನ್ನು ಮೀಟರುಗಳ ಮೇಲ್ಸಾಲು ಮಾತ್ರ ಕಾಣುವಷ್ಟು ಒಳಕ್ಕೆ ತಂದು ಐದಕ್ಕೆ ಸೇವ್ ಮಾಡಿದೆ. ಚಕ್ರ ನೆಲದಲ್ಲಿರುವಾಗ ದಿಗಂತ ಎಲ್ಲಿರುತ್ತದೆ ಅಂತ ಆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕೂತುಬಿಟ್ಟಿತ್ತು. ಇಳಿಯುವಾಗ ಅದನ್ನೇ ಹುಡುಕುತ್ತೇನೆ. ಮಂಗಳೂರಿನ 2,450 ಮೀಟರ್ ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ನೆತ್ತಿಯ ಮೇಲಿನದು, ಈಗಲೂ ಅಂಜಿಸುತ್ತದೆ. ರನ್‌ವೇ ಅಂಚಿನವರೆಗೂ ಕೆಳಗೆ ಕಣಿವೆ ಇರುವಾಗ ಎತ್ತರದ ಅಂದಾಜು ಬೇಗ ತಪ್ಪುತ್ತದೆ. ಆದರೂ ಪುಟಿಯುವುದು ನಿಂತಿದೆ.

'ಎಡ' ಅನ್ನುವುದು ಇಳಿಯುವ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹಾರುವಾಗ ಹಿಂತಿರುಗಿ ನೋಡುವ ನೋಟ. ರನ್‌ವೇಯ ತುದಿ ಎಡ ಭುಜದ ಹಿಂದೆ 45 ಡಿಗ್ರಿಗೆ ಬಂದಾಗ ತಿರುಗಬೇಕು, ಅದಕ್ಕೆ ತಕ್ಕ ಕೋನದಲ್ಲೇ ಕ್ಯಾಮೆರಾ ಇಟ್ಟಿದ್ದೇನೆ. 'ನೆಲ' ಅಂದರೆ ಎರಡು ಸೀಟುಗಳ ನಡುವಿನ ಇಂಧನದ ತಿರುಪು ಮತ್ತು ಮೂತಿಯ ಏರಿಳಿತ ಹದಮಾಡುವ ಟ್ರಿಮ್ ಚಕ್ರ. ಕಡಿಮೆ ಬಳಕೆ, ಬೇಕಾದಾಗ ಮೌಸ್ ಹಿಡಿದು ತಡಕಾಡುವುದು ತಪ್ಪುತ್ತದೆ, ಅಷ್ಟೇ.

ಕೊರತೆ ಅಂದರೆ ನೋಟಗಳಿಗೆ ಹೆಸರು ಕೊಡಲು ಬರುವುದಿಲ್ಲ, ಅದಕ್ಕೇ ಆ ಚೀಟಿ. ಗಾಳಿಗೆ ಮರ ಬಿದ್ದು ಇಂಟರ್ನೆಟ್ ಕೇಬಲ್ ಕಡಿದ ದಿನ ಉಪಗ್ರಹ ಚಿತ್ರ ಬರುವುದಿಲ್ಲ, ಕೆಳಗೆ ಯಾವುದೋ ಊರಿನ ಹಸಿರು ಹಾಸಿರುತ್ತದೆ. ಕ್ಯಾಮೆರಾ ಮಾತ್ರ ಆಗಲೂ ಕೈಕೊಡುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

'ಬಲ' ಬಂದದ್ದು ದೊಡ್ಡಪ್ಪನಿಂದ. ಅವರಿಗೆ ಈ ಆಟವೆಂದರೆ ತಾತ್ಸಾರ. ಕೊಡಗಿನವರಿಗೆ ಪೈಲಟ್ ಅಂದರೆ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಲ್ಲಿ ಅವರ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಎದುರಿಸಿ ಮಡಿದವರು, ಮಹಾವೀರ ಚಕ್ರ ಬಂದದ್ದು 1988ರಲ್ಲಿ. "ಅವರು ಹಾರಿಸಿದ್ದು ವಿಮಾನ ಮಾರಾಯ, ನೀನು ಹಾರಿಸೋದು ಕುರ್ಚಿ" ಅಂತ ದೊಡ್ಡಪ್ಪ ಆಡಿಕೊಳ್ಳುತ್ತಿದ್ದರು. ಹೋದ ಆಗಸ್ಟಿನಲ್ಲಿ ಕರೆಂಟ್ ಇದ್ದ ಒಂದು ಸಂಜೆ ಮೈಸೂರಿನಿಂದ ಮಂಗಳೂರಿಗೆ 8,500 ಅಡಿಯಲ್ಲಿ ಹೊರಟಿದ್ದೆ. ಹಾರಂಗಿ ಹಿನ್ನೀರು ದಾಟಿದ ಮೇಲೆ ಬಲಗಡೆ ಪುಷ್ಪಗಿರಿ ಬರುತ್ತದೆ, 1,712 ಮೀಟರ್. ಪೈಲಟ್ ಸೀಟಿನಿಂದ ಅದು ಅರ್ಧ ಮರೆ. ಕ್ಯಾಮೆರಾವನ್ನು ಪಕ್ಕದ ಸೀಟಿಗೆ ಸರಿಸಿ ಕಿಟಕಿಗೆ ಅಂಟಿಸಿದೆ. ಹಿಂದೆ ನಿಂತಿದ್ದ ದೊಡ್ಡಪ್ಪ ಕನ್ನಡಕ ಹಾಕಿಕೊಂಡರು.

"ನಮ್ಮ ತೋಟ ಎಲ್ಲಿ?"

ಸಿಗುವುದು ಸುಲಭವಿರಲಿಲ್ಲ. ಸಿಲ್ವರ್ ಓಕ್, ಅತ್ತಿ, ಬೀಟೆ ಮರಗಳ ನೆರಳಿನ ಕೆಳಗಿರುವ ಕಾಫಿ ಮೇಲಿನಿಂದ ಕಾಡಿನ ಹಾಗೇ ಕಾಣುತ್ತದೆ. ಎರಡು ಸುತ್ತು ಹಾಕಿಸಿದರು. ಕೊನೆಗೆ ಅವರೇ ಪರದೆಗೆ ಬೆರಳಿಟ್ಟರು: ಹಸಿರಿನ ನಡುವೆ ಬೂದು ಬಣ್ಣದ ಸಣ್ಣ ಚೌಕ, ನಾವು ಕಾಫಿ ಒಣಗಿಸುವ ಕಣ. ಕಂಟ್ರೋಲ್, ಆಲ್ಟ್, ನಾಲ್ಕು ಒತ್ತಿದೆ. ಈ ಸಲ ಎಕ್ಸೆಲ್ ಮುಚ್ಚಿತ್ತು.